ಸಿಎಂ ಪಂಕ್ ಅವರನ್ನು ‘ರಾ’ಗೆ ಸೇರಿಸಿದ್ದು ತಪ್ಪಾಯಿತೇ?

ಪ್ರಶ್ನೆ: ಸುಮಾರು ಹತ್ತು ವರ್ಷಗಳ ನಂತರ, 2023ರ ನವೆಂಬರಿನಲ್ಲಿ ಮಲ್ಲ ಸಿಎಂ ಪಂಕ್ ಅವರು ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇಗೆ ಮರಳಿದಾಗ ಅವರನ್ನು ‘ಸ್ಮ್ಯಾಕ್‌ಡೌನ್’ಗೆ ಕಳಿಸದೆ ‘ರಾ’ ಎಂಬ ಅದರ ಇನ್ನೊಂದು ವಾರದ ಟಿವಿ ಕಾರ್ಯಕ್ರಮಕ್ಕೆ ಸೇರಿಸಿದರು. ಆಗ ದೊಡ್ಡ ಪಟ್ಟ ಇದ್ದದ್ದು ಸ್ಮ್ಯಾಕ್‌ಡೌನ್‌ನ ರೋಮನ್ ರೇನ್ಸ್ ಅವರ ಬಳಿ. ಪಂಕ್ ಅವರ ಹಳೆಯ ಜೊತೆಗಾರ ಪಾಲ್ ಹೇಮನ್ ಕೂಡ ಅಲ್ಲೇ ಇದ್ದರು. ಇದರಿಂದ ರೇನ್ಸ್ ಮತ್ತು ಪಂಕ್ ಕಂಪನಿಯ ವರ್ಷದ ಅತಿ ದೊಡ್ಡ ಕೂಟವಾದ ರೆಸಲ್‌ಮೇನಿಯಾದಲ್ಲಿ ಎದುರಾಗುವುದನ್ನು ನೋಡಲು 2025ರವರೆಗೆ ಕಾಯಬೇಕಾಯಿತು. ಇದು ಕಂಪನಿಯ ತಪ್ಪು ಲೆಕ್ಕವಲ್ಲವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ವಾದದಲ್ಲಿ ಹುರುಳಿದೆ, ಆದರೆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆ ಡಿಸೆಂಬರಿನಲ್ಲಿ ನಿರ್ಧಾರ ನನ್ನ ಕೈಯಲ್ಲಿದ್ದಿದ್ದರೆ ನಾನೂ ಪಂಕ್ ಅವರನ್ನು ರಾಗೇ ಕಳಿಸುತ್ತಿದ್ದೆ. ಹಾಗೆಂದು ಅವರನ್ನು ಯಾರೂ ಎಂದೂ ತಪ್ಪು ಕಾರ್ಯಕ್ರಮಕ್ಕೆ ಸೇರಿಸಿಲ್ಲ ಎಂದಲ್ಲ. ಒಮ್ಮೆ ಸೇರಿಸಿದ್ದರು, ಅದೂ ಅದೇ ವರ್ಷದ ಜೂನ್‌ನಲ್ಲಿ, ಇನ್ನೊಂದು ಕಂಪನಿಯಲ್ಲಿ. ಆ ಪ್ರಕರಣವನ್ನೂ ಇದರ ಪಕ್ಕದಲ್ಲಿಟ್ಟು ನೋಡಿದರೆ, ಮರಳಿ ಬಂದ ಮಲ್ಲನಿಗೆ ಸರಿಯಾದ ಕಾರ್ಯಕ್ರಮ ಯಾವುದು ಎಂಬುದನ್ನು ನಿರ್ಧರಿಸುವುದು ಪಟ್ಟವೂ ಅಲ್ಲ, ಹಳೆಯ ಗೆಳೆತನವೂ ಅಲ್ಲ, ವಾರವಾರವೂ ಅವನ ಎದುರು ಬಂದು ನಿಲ್ಲಬಲ್ಲ ಎದುರಾಳಿ ಎಂಬುದು ತಿಳಿಯುತ್ತದೆ. ನಮ್ಮ ಕಡೆ ಮೈಸೂರು ದಸರಾ ಕುಸ್ತಿಗೆ ಮೊದಲು ‘ಜೋಡಿ ಕಟ್ಟುವುದು’ ಎಂಬ ಒಂದು ಕೆಲಸ ನಡೆಯುತ್ತದಲ್ಲ, ಆ ಮಾತನ್ನೇ ಇಲ್ಲಿ ಬಳಸುತ್ತೇನೆ. ಅಲ್ಲಿನದು ನಿಜವಾದ ಸೆಣಸಾಟ, ಇಲ್ಲಿನದು ಸೋಲು ಗೆಲುವು ಮೊದಲೇ ಬರೆದಿಟ್ಟ ಆಟ. ಆದರೂ ಜೋಡಿ ಸರಿಯಾಗಿ ಕೂಡದಿದ್ದರೆ ಎರಡೂ ಕಡೆ ಜನ ಎದ್ದು ಹೋಗುತ್ತಾರೆ.

ಮೊದಲು ಈ ಎರಡು ಕಾರ್ಯಕ್ರಮಗಳ ನಡುವಿನ ಗೋಡೆಯ ವಿಚಾರ. ಡಬ್ಲ್ಯುಡಬ್ಲ್ಯುಇ ತನ್ನ ಮಲ್ಲರನ್ನು ಎರಡು ಬಳಗಗಳಾಗಿ ಹಂಚಿದ್ದು 2002ರಲ್ಲಿ. 2011ರ ಆಗಸ್ಟ್‌ನಲ್ಲಿ ಆ ಹಂಚಿಕೆಯನ್ನು ಕೈಬಿಟ್ಟು, 2016ರ ಜುಲೈನಲ್ಲಿ ಮತ್ತೆ ತಂದರು. ಒಂದೇ ಮುಖಗಳನ್ನು ವಾರಕ್ಕೆರಡು ಸಲ ತೋರಿಸಿ ಸವೆಸದಿರಲಿ, ಹೊಸಬರಿಗೂ ಜಾಗ ಸಿಗಲಿ, ಎರಡೂ ಬಳಗದವರು ಎದುರಾಗುವ ಅಪರೂಪದ ದಿನಕ್ಕೆ ಬೆಲೆ ಬರಲಿ ಎಂಬುದು ಇದರ ಹಿಂದಿನ ಲೆಕ್ಕ. ಈ ಗೋಡೆ ಇಟ್ಟಿಗೆ ಗಾರೆಯದಲ್ಲ, ಬೇಕೆಂದಾಗ ಸರಿಸಬಹುದಾದ ನಾಟಕದ ಪರದೆಯಂಥದ್ದು. ನಿಮ್ಮ ಪ್ರಶ್ನೆ ಇದನ್ನು ಸ್ವಲ್ಪ ಹೆಚ್ಚೇ ಗಟ್ಟಿಯಾದ ಗೋಡೆಯೆಂದು ಭಾವಿಸಿದಂತಿದೆ.

2023ರ ಶರತ್ಕಾಲದಲ್ಲಿ ಎರಡೂ ಕಡೆಯ ಪರಿಸ್ಥಿತಿ ಹೇಗಿತ್ತು? ರೇನ್ಸ್ ಅವರು 2022ರ ಏಪ್ರಿಲ್‌ನಲ್ಲಿ ಬ್ರಾಕ್ ಲೆಸ್ನರ್ ಅವರನ್ನು ಸೋಲಿಸಿ ಎರಡೂ ಬಳಗಗಳ ದೊಡ್ಡ ಪಟ್ಟಗಳನ್ನು ಒಟ್ಟಿಗೆ ಹೊತ್ತುಕೊಂಡಿದ್ದರು. ಆದರೆ ಅವರು ಟಿವಿಯಲ್ಲಿ ಕಾಣಿಸಿಕೊಳ್ಳುತ್ತಿದ್ದದ್ದು ಅಪರೂಪಕ್ಕೆ. 2023ರ ಇಡೀ ವರ್ಷದಲ್ಲಿ ಅವರು ಪಟ್ಟವನ್ನು ಪಣಕ್ಕಿಟ್ಟದ್ದು ಐದೇ ಸಲ: ಕೆವಿನ್ ಓವೆನ್ಸ್, ಸಾಮಿ ಜೇನ್, ಕೋಡಿ ರೋಡ್ಸ್, ಜೇ ಉಸೊ, ಎಲ್‌ಎ ನೈಟ್ ಅವರ ವಿರುದ್ಧ ಒಂದೊಂದು ಬಾರಿ. ಹೀಗಾಗಿ ರಾಗೆ ತನ್ನದೇ ಆದ ಪಟ್ಟಾಧಿಕಾರಿ ಇಲ್ಲದಂತಾಯಿತು. ಆ ಕೊರತೆ ತುಂಬಲು 2023ರ ಏಪ್ರಿಲ್‌ನಲ್ಲಿ ‘ವರ್ಲ್ಡ್ ಹೆವಿವೇಟ್ ಚಾಂಪಿಯನ್‌ಶಿಪ್’ ಎಂಬ ಹೊಸ ಬೆಲ್ಟ್ ಪ್ರಕಟಿಸಿದರು. ಮೇ 27ರಂದು ಜೆಡ್ಡಾದಲ್ಲಿ ಸೆತ್ ರಾಲಿನ್ಸ್ ಅವರು ಎಜೆ ಸ್ಟೈಲ್ಸ್ ಅವರನ್ನು ಸೋಲಿಸಿ ಅದನ್ನು ಗೆದ್ದರು. ಕರೆದವರ ಜೊತೆಗೆಲ್ಲ ಸೆಣಸುವ ಪಟ್ಟಾಧಿಕಾರಿ ಎಂಬುದೇ ರಾಲಿನ್ಸ್ ಅವರ ಗುರುತಾಯಿತು. ಇನ್ನೊಂದು ವ್ಯತ್ಯಾಸವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆಗ ಸ್ಮ್ಯಾಕ್‌ಡೌನ್ ಎರಡು ಗಂಟೆಯ ಕಾರ್ಯಕ್ರಮ, ರಾ ಮೂರು ಗಂಟೆಯದು. ಪ್ರತಿ ಸೋಮವಾರ ರಾತ್ರಿ ಮೂರು ಗಂಟೆ ತುಂಬಿಸಬೇಕಾದ ಕಥಾಲೇಖಕರಿಗೆ, ಇಪ್ಪತ್ತು ನಿಮಿಷ ಮೈಕ್ ಕೊಟ್ಟರೂ ಸಭೆಯನ್ನು ಹಿಡಿದಿಡಬಲ್ಲ ಮಾತುಗಾರ ಸಿಕ್ಕಿದರೆ ಅದಕ್ಕಿಂತ ದೊಡ್ಡ ವರ ಬೇರಿಲ್ಲ. ಪಂಕ್ ಅಂಥ ಮಾತುಗಾರ. 2011ರ ಜೂನ್ 27ರಂದು ಲಾಸ್ ವೇಗಾಸಿನಲ್ಲಿ ಅವರು ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಂಪನಿಯ ಮಾಲೀಕರನ್ನೇ ತರಾಟೆಗೆ ತೆಗೆದುಕೊಂಡ ಆ ಭಾಷಣ ನಡೆದದ್ದೂ ರಾದಲ್ಲೇ.

ಈಗ ಆ ರಾತ್ರಿಗೆ ಬರೋಣ. 2023ರ ನವೆಂಬರ್ 25, ಷಿಕಾಗೊ ಮಗ್ಗುಲಿನ ರೋಸ್‌ಮಾಂಟ್, ಕಂಪನಿಯ ‘ಸರ್ವೈವರ್ ಸೀರೀಸ್’ ಎಂಬ ವಾರ್ಷಿಕ ಕೂಟ. ಕೊನೆಯ ಪಂದ್ಯ ಮುಗಿದು, ಗೆದ್ದ ತಂಡ ಸಂಭ್ರಮಿಸಿ, ಪ್ರಸಾರ ಇನ್ನೇನು ಮುಗಿಯಿತು ಎನ್ನುವ ಹೊತ್ತಿಗೆ ಪಂಕ್ ಅವರ ಪ್ರವೇಶದ ಸಂಗೀತ ಮೊಳಗಿತು. ತವರೂರಿನ ಜನ ಕಿವಿ ಕಿವುಡಾಗುವಂತೆ ಕೂಗುತ್ತಿದ್ದರೆ, ರಿಂಗಿನ ಬಳಿ ರಾಲಿನ್ಸ್ ಕೆಂಡಾಮಂಡಲವಾಗಿ ಬೈಯುತ್ತಿದ್ದರು, ಅಧಿಕಾರಿಗಳು ಅವರನ್ನು ಹಿಡಿದು ನಿಲ್ಲಿಸಿದ್ದರು. ಆ ಸಿಟ್ಟಿನಲ್ಲಿ ನಟನೆ ಎಷ್ಟು, ನಿಜ ಎಷ್ಟು ಎಂದು ಜನ ವಾರಗಟ್ಟಲೆ ಚರ್ಚಿಸಿದರು. ಚರ್ಚೆ ಅಷ್ಟು ದಿನ ಉಳಿಯಿತೆಂದರೆ ಜೋಡಿ ಆಗಲೇ ಅರ್ಧ ಕಟ್ಟಿಯಾಗಿತ್ತು ಎಂದೇ ಅರ್ಥ.

ಅದೇ ರಾತ್ರಿ ಇನ್ನೊಬ್ಬರೂ ಮರಳಿದ್ದರು ಎಂಬುದನ್ನು ಮರೆಯಬಾರದು. ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ಒಂದೂವರೆ ವರ್ಷ ದೂರವಿದ್ದ ರ್‍ಯಾಂಡಿ ಆರ್ಟನ್ ಅವರು ಆ ಕೊನೆಯ ಪಂದ್ಯದಲ್ಲೇ ಆಡಿದರು. ಅವರು ಸೇರಿದ್ದು ಯಾವ ಬಳಗ? ಒಂದೇ ವಾರದಲ್ಲಿ, ಡಿಸೆಂಬರ್ 1ರಂದು, ಸ್ಮ್ಯಾಕ್‌ಡೌನ್‌ಗೆ ಸಹಿ ಹಾಕಿದರು. ಕಾರಣವೂ ಸ್ಪಷ್ಟವಾಗಿತ್ತು. 2022ರ ಮೇ ತಿಂಗಳಲ್ಲಿ ಅವರು ಕೊನೆಯದಾಗಿ ಆಡಿದ್ದು ಉಸೊ ಸಹೋದರರ ವಿರುದ್ಧ, ಕಥೆಯ ಪ್ರಕಾರ ಅವರನ್ನು ಮನೆಗೆ ಕಳಿಸಿದ್ದು ರೇನ್ಸ್ ಅವರ ‘ಬ್ಲಡ್‌ಲೈನ್’ ಕೂಟ. ಆರ್ಟನ್ ಅವರಿಗೆ ತೀರಿಸಬೇಕಾದ ಲೆಕ್ಕ ಸ್ಮ್ಯಾಕ್‌ಡೌನ್‌ನಲ್ಲಿತ್ತು, ಪಂಕ್ ಅವರಿಗೆ ಸಿಟ್ಟಿನ ಮುಖ ರಾದಲ್ಲಿತ್ತು. ಒಂದೇ ರಾತ್ರಿ ಬಂದ ಇಬ್ಬರು ಹಿರಿಯರನ್ನು ಒಂದೊಂದು ಕಡೆಗೆ ಹಂಚಿದ್ದನ್ನು ನೋಡಿದರೆ, ಯಾರೋ ಕೂತು ಅಳೆದು ಸುರಿದೇ ಮಾಡಿದ ಹಂಚಿಕೆ ಇದು ಎಂದು ನನಗನ್ನಿಸುತ್ತದೆ. ಇಬ್ಬರನ್ನೂ ಸ್ಮ್ಯಾಕ್‌ಡೌನ್‌ಗೇ ಹಾಕಿದ್ದರೆ ಎರಡು ಗಂಟೆಯ ಕಾರ್ಯಕ್ರಮದಲ್ಲಿ ಒಬ್ಬರು ಇನ್ನೊಬ್ಬರ ನೆರಳಲ್ಲಿ ಕೂರಬೇಕಾಗುತ್ತಿತ್ತು.

ಪಂಕ್ ಅವರ ಆಯ್ಕೆಯನ್ನು ಮಾತ್ರ ಎರಡು ವಾರ ಎಳೆದರು. ಡಿಸೆಂಬರ್ 8ರಂದು ಸ್ಮ್ಯಾಕ್‌ಡೌನ್, ಮರುದಿನ ಎನ್‌ಎಕ್ಸ್‌ಟಿ, 11ರಂದು ಕ್ಲೀವ್‌ಲ್ಯಾಂಡಿನ ರಾ, ಹೀಗೆ ಮೂರೂ ಮನೆಗೆ ಹೋಗಿ ಮೂವರು ಮುಖ್ಯಸ್ಥರ ಉಪಚಾರ ಸ್ವೀಕರಿಸಿದ ಮೇಲೆ ರಾಗೆ ಸಹಿ ಬಿತ್ತು. ಈ ಎಳೆದಾಟ ನನಗೆ ಹಿಡಿಸಲಿಲ್ಲ. ಎನ್‌ಎಕ್ಸ್‌ಟಿ ತರಬೇತಿ ಬಳಗಕ್ಕೆ ನಲವತ್ತೈದು ವರ್ಷದ ಪಂಕ್ ಸೇರುವುದಿಲ್ಲವೆಂದು ಹಾದಿಬೀದಿಯವರಿಗೂ ಗೊತ್ತಿತ್ತು. ಸಹಿ ಬಿದ್ದ ಕೂಡಲೇ ರಾಲಿನ್ಸ್ ಎದುರು ಬಂದು ನಿಂತರು, ಪಂಕ್ ತಾವು, ಗೆದ್ದವರಿಗೆ ರೆಸಲ್‌ಮೇನಿಯಾದಲ್ಲಿ ಪಟ್ಟದ ಪಂದ್ಯ ಸಿಗುವ, ರಾಯಲ್ ರಂಬಲ್‌ಗೆ ಇಳಿಯುವುದಾಗಿ ಘೋಷಿಸಿದರು. ರಾಗೆ ಯಾಕೆ ಕಳಿಸಿದರು ಎಂಬ ಪ್ರಶ್ನೆಗೆ ಆ ಒಂದು ದೃಶ್ಯದಲ್ಲೇ ಉತ್ತರವಿತ್ತು.

ಈಗ ನಿಮ್ಮ ಬಲವಾದ ಎರಡು ಅಂಶಗಳನ್ನು ನೋಡೋಣ. ಹೇಮನ್ ಮತ್ತು ಪಂಕ್ ಸಂಬಂಧ ಹಳೆಯದು ಎಂಬುದರಲ್ಲಿ ಎರಡು ಮಾತಿಲ್ಲ. ಪಂಕ್ ಇನ್ನೂ ಹೊಸಬರಾಗಿದ್ದಾಗ, ಇವನಲ್ಲಿ ಸರಕಿದೆ ಎಂದು ಕಂಪನಿಯೊಳಗೆ ವಾದಿಸಿದವರು ಹೇಮನ್. ಮುಂದೆ 2012–13ರಲ್ಲಿ ಪರದೆಯ ಮೇಲೂ ಅವರ ವಕಾಲತ್ತು ವಹಿಸಿದರು, ಕೊನೆಗೆ 2013ರ ಜುಲೈನಲ್ಲಿ ಏಣಿಯಿಂದ ಹೊಡೆದು ಕೈಕೊಟ್ಟರು. ರೇನ್ಸ್ ಅವರೊಂದಿಗೂ ಹಳೆಯ ಎಳೆಯಿದೆ. 2012ರ ನವೆಂಬರ್ 18ರ ಸರ್ವೈವರ್ ಸೀರೀಸ್‌ನಲ್ಲಿ ‘ಷೀಲ್ಡ್’ ಎಂಬ ಮೂವರ ಕೂಟ ಮೊದಲ ಬಾರಿಗೆ ಕಾಣಿಸಿಕೊಂಡು ರೈಬ್ಯಾಕ್ ಮೇಲೆ ಬಿದ್ದದ್ದರಿಂದಲೇ ಪಂಕ್ ಅವರ ಪಟ್ಟ ಆ ರಾತ್ರಿ ಉಳಿಯಿತು. ಆದರೆ ಆ ಮೂವರಲ್ಲಿ ರೇನ್ಸ್ ಜೊತೆ ಇದ್ದ ಇನ್ನೊಬ್ಬರು ಇದೇ ಸೆತ್ ರಾಲಿನ್ಸ್. ಹಳೆಯ ಋಣವನ್ನೇ ಆಧಾರವಾಗಿಟ್ಟುಕೊಂಡರೆ ತಕ್ಕಡಿ ಎರಡೂ ಕಡೆ ಸಮವಾಗಿಯೇ ತೂಗುತ್ತದೆ.

ಇನ್ನು, ಪಂಕ್ ಸ್ಮ್ಯಾಕ್‌ಡೌನ್‌ಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಹೆಜ್ಜೆ ಹೆಜ್ಜೆಯಾಗಿ ಯೋಚಿಸಿ. ಜನವರಿಯ ರಾಯಲ್ ರಂಬಲ್‌ನಲ್ಲಿ ರೇನ್ಸ್ ಎದುರು ಆರ್ಟನ್, ಸ್ಟೈಲ್ಸ್, ನೈಟ್ ಮೂವರನ್ನು ಒಟ್ಟಿಗೆ ನಿಲ್ಲಿಸಿದ್ದರು, ಅಂದರೆ ಸಾಲು ಆಗಲೇ ಉದ್ದವಿತ್ತು. ಆ ಸಾಲಿನ ಕೊನೆಯಲ್ಲಿ ಕೋಡಿ ರೋಡ್ಸ್ ಕಾಯುತ್ತಿದ್ದರು. ಪಂಕ್ ಅವರನ್ನು ಅಲ್ಲಿ ತೂರಿಸಿದ್ದರೆ ಎರಡೇ ದಾರಿ. ಬಂದ ಎರಡೇ ತಿಂಗಳಲ್ಲಿ ರೇನ್ಸ್ ಎದುರು ಸೋತು ಹತ್ತು ವರ್ಷದ ಕುತೂಹಲವನ್ನು ಒಂದು ರಾತ್ರಿಗೆ ಖರ್ಚು ಮಾಡುವುದು ಒಂದು. ರೇನ್ಸ್ ಅವರನ್ನು ಸೋಲಿಸಿ ಕೋಡಿ ಅವರ ಎರಡು ವರ್ಷದ ಕಥೆಯ ಫಲವನ್ನು ಕಿತ್ತುಕೊಳ್ಳುವುದು ಇನ್ನೊಂದು. ಎರಡರಲ್ಲೂ ನಷ್ಟವೇ ಹೆಚ್ಚು. ರೇನ್ಸ್ ವಾರವಾರ ಬರುವವರಲ್ಲ ಎಂಬುದನ್ನೂ ಇದಕ್ಕೆ ಸೇರಿಸಿ. ಎದುರಾಳಿ ತಿಂಗಳಿಗೊಮ್ಮೆ ಬಂದರೆ ಪಂಕ್ ಉಳಿದ ವಾರ ಯಾರನ್ನು ಬೈಯಬೇಕು?

ಕೋಡಿ ರೋಡ್ಸ್ ಅವರ ಉದಾಹರಣೆ ಇಲ್ಲಿ ಬಹಳ ಹತ್ತಿರದ್ದು. ಅವರೂ ಆರು ವರ್ಷ ಹೊರಗಿದ್ದು 2022ರ ಏಪ್ರಿಲ್ 2ರಂದು ರೆಸಲ್‌ಮೇನಿಯಾದಲ್ಲಿ ಮರಳಿದವರು. ಅವರ ಗುರಿ ರೇನ್ಸ್ ಹೊತ್ತಿದ್ದ ಪಟ್ಟ, ಆದರೆ ಅವರನ್ನು ಸೇರಿಸಿದ್ದು ರಾಗೆ. ‘ಪಟ್ಟ ಅಲ್ಲಿದೆ, ಇವರನ್ನು ಇಲ್ಲಿ ಯಾಕೆ ಇಟ್ಟಿದ್ದಾರೆ’ ಎಂದು ಆಗಲೂ ಇದೇ ದೂರು ಕೇಳಿಬಂದಿತ್ತು. ಅವರಿಗೂ ಮೊದಲ ಜೋಡಿ ರಾಲಿನ್ಸ್ ಅವರೇ. ಮೂರು ಪಂದ್ಯ ನಡೆದವು. ಮೂರನೆಯದು ಜೂನ್ 5ರಂದು, ಹರಿದ ಎದೆಯ ಸ್ನಾಯುವಿನೊಂದಿಗೆ. ಕೋಡಿ ಅಂಗಿ ತೆಗೆದಾಗ ಬಲ ಎದೆಯಿಂದ ತೋಳಿನವರೆಗೆ ನೇರಳೆ ಹಣ್ಣನ್ನು ಹಿಂಡಿ ಬಳಿದಂತೆ ಕಂದಿದ್ದ ಆ ಚರ್ಮವನ್ನು ನೋಡಿ ಸಭಾಂಗಣ ಒಂದು ಕ್ಷಣ ಮೌನವಾದದ್ದು ನನಗಿನ್ನೂ ನೆನಪಿದೆ. ಆ ಮೂರು ಪಂದ್ಯಗಳೇ ಅವರನ್ನು ರೇನ್ಸ್ ಎದುರು ನಿಲ್ಲುವ ಎತ್ತರಕ್ಕೆ ಏರಿಸಿದವು. 2023ರಲ್ಲಿ ಸೋತು, 2024ರ ಏಪ್ರಿಲ್ 7ರಂದು ಫಿಲಡೆಲ್ಫಿಯಾದಲ್ಲಿ ಗೆದ್ದು, 1316 ದಿನಗಳ ರೇನ್ಸ್ ಆಳ್ವಿಕೆಯನ್ನು ಅವರು ಮುಗಿಸಿದರು. ಮೊದಲ ದಿನವೇ ಸ್ಮ್ಯಾಕ್‌ಡೌನ್‌ಗೆ ಕಳಿಸಿದ್ದರೆ ಆ ಎತ್ತರ ಸಿಗುತ್ತಿರಲಿಲ್ಲ ಎಂಬುದು ನನ್ನ ಅಂದಾಜು. ಎಡ್ಜ್ ಅವರು ಕುತ್ತಿಗೆಯ ತೊಂದರೆಯಿಂದ ಒಂಬತ್ತು ವರ್ಷ ದೂರವಿದ್ದು 2020ರ ಜನವರಿಯಲ್ಲಿ ಮರಳಿದಾಗಲೂ ಅವರನ್ನು ಹಳೆಯ ಜೊತೆಗಾರ ಆರ್ಟನ್ ಇದ್ದ ರಾಗೇ ಕಳಿಸಿ, ಮರುವರ್ಷ ರಂಬಲ್ ಗೆಲ್ಲಿಸಿಯೇ ರೇನ್ಸ್ ಕಡೆ ತಿರುಗಿಸಿದ್ದರು.

‘ಆದರೆ ಪಂಕ್–ರಾಲಿನ್ಸ್ ಪಂದ್ಯ 2024ರ ರೆಸಲ್‌ಮೇನಿಯಾದಲ್ಲಿ ನಡೆಯಲೇ ಇಲ್ಲವಲ್ಲ’ ಎಂದು ನೀವು ಕೇಳಬಹುದು. ಹೌದು, ನಡೆಯಲಿಲ್ಲ. ಜನವರಿ 15ರ ರಾದಲ್ಲಿ ಜಿಂದರ್ ಮಹಲ್ ವಿರುದ್ಧ ಆಡುವಾಗ ರಾಲಿನ್ಸ್ ಮೊಣಕಾಲಿಗೆ ಪೆಟ್ಟಾಯಿತು. ಹನ್ನೆರಡು ದಿನ ಕಳೆದು ರಾಯಲ್ ರಂಬಲ್‌ನಲ್ಲಿ ಪಂಕ್ ಅವರ ಬಲ ತೋಳಿನ ಹಿಂಭಾಗದ ಸ್ನಾಯು ಹರಿಯಿತು. ಆ ತೋಳಿನಲ್ಲೇ ಅವರು ಕೊನೆಯ ಇಬ್ಬರಲ್ಲೊಬ್ಬರಾಗಿ ಉಳಿದು, ಕೋಡಿ ಕೈಯಲ್ಲಿ ಹೊರಬಿದ್ದರು. ನಿರ್ಧಾರವೊಂದನ್ನು ತೂಗುವಾಗ ಆ ದಿನ ಗೊತ್ತಿದ್ದ ಸಂಗತಿಗಳ ಮೇಲೆ ತೂಗಬೇಕು. ಡಿಸೆಂಬರಿನಲ್ಲಿ ಮಾಡಿದ ಹಂಚಿಕೆಯನ್ನು ಜನವರಿಯ ಗಾಯದ ಕಾರಣಕ್ಕೆ ತಪ್ಪೆನ್ನುವುದು ಸರಿಯಲ್ಲ, ಸ್ಮ್ಯಾಕ್‌ಡೌನ್‌ನಲ್ಲಿದ್ದರೂ ಹರಿಯುವ ಸ್ನಾಯು ಹರಿದೇ ಹರಿಯುತ್ತಿತ್ತು.

ನನ್ನ ದೃಷ್ಟಿಯಲ್ಲಿ ರಾದ ಆಯ್ಕೆ ಸರಿಯೆಂದು ತೋರಿಸಿಕೊಟ್ಟದ್ದು ಆ ಗಾಯದ ನಂತರ ನಡೆದದ್ದೇ. ಪಂಕ್ ಅವರಿಗೆ ಪೆಟ್ಟಾದದ್ದು ಡ್ರೂ ಮೆಕಿಂಟೈರ್ ಹಾಕಿದ ಪಟ್ಟಿನಲ್ಲಿ. ಎರಡು ದಿನ ಕಳೆದು ರಾದಲ್ಲಿ ಪಂಕ್ ತಾವು ರೆಸಲ್‌ಮೇನಿಯಾಕ್ಕೆ ಇರುವುದಿಲ್ಲವೆಂದು ಗದ್ಗದಿತರಾಗಿ ಹೇಳುತ್ತಿರುವಾಗ ಮೆಕಿಂಟೈರ್ ಬಂದು, ತಾನು ಇದಕ್ಕಾಗಿಯೇ ದೇವರಲ್ಲಿ ಬೇಡಿಕೊಂಡಿದ್ದೆ ಎಂದು ಗಾಯಕ್ಕೆ ಉಪ್ಪು ಸವರಿದರು. ಅಲ್ಲಿಂದ ಹುಟ್ಟಿದ ಹಗೆ ಎಂಟು ತಿಂಗಳು ಓಡಿತು, ಅದರಲ್ಲಿ ಮೊದಲ ಆರು ತಿಂಗಳು ಪಂಕ್ ಒಂದು ಪಂದ್ಯವನ್ನೂ ಆಡಲಿಲ್ಲ. ಏಪ್ರಿಲ್‌ನಲ್ಲಿ ಮೆಕಿಂಟೈರ್ ರಾಲಿನ್ಸ್ ಅವರನ್ನು ಸೋಲಿಸಿ ಪಟ್ಟ ಗೆದ್ದು, ಕಾಮೆಂಟರಿ ಮೇಜಿನ ಬಳಿ ಕೂತಿದ್ದ ಪಂಕ್ ಅವರನ್ನು ಕೆಣಕಲು ಹೋಗಿ ಏಟು ತಿಂದರು, ಅದೇ ಗಳಿಗೆಯಲ್ಲಿ ಡೇಮಿಯನ್ ಪ್ರೀಸ್ಟ್ ಬಂದು ಪಟ್ಟ ಕಿತ್ತುಕೊಂಡರು. ಜೂನ್‌ನಲ್ಲಿ ಗ್ಲಾಸ್ಗೊದಲ್ಲಿ, ಸ್ವಂತ ನಾಡಿನ ಜನರೆದುರು ಮೆಕಿಂಟೈರ್ ಗೆಲ್ಲುವ ಹೊತ್ತಿಗೆ, ತೀರ್ಪುಗಾರನ ಪಟ್ಟೆಯಂಗಿ ತೊಟ್ಟು ಬಂದ ಪಂಕ್ ಎರಡರವರೆಗೆ ಎಣಿಸಿ ಮೂರನೆಯದಕ್ಕೆ ಕೈ ಎತ್ತಲೇ ಇಲ್ಲ.

ಈ ಕಥೆಯ ನಡುವೆ ಒಂದು ಪುಟ್ಟ ವಸ್ತುವಿತ್ತು, ಮಣಿಗಳನ್ನು ಪೋಣಿಸಿದ ಒಂದು ಕೈಪಟ್ಟಿ. ಅದರಲ್ಲಿ ಪಂಕ್ ಅವರ ಹೆಂಡತಿಯ ಹೆಸರು, ಅವರ ನಾಯಿಯ ಹೆಸರು. ಮೆಕಿಂಟೈರ್ ಅದನ್ನು ಕಸಿದುಕೊಂಡು ತಮ್ಮ ಮಣಿಕಟ್ಟಿಗೆ ಕಟ್ಟಿಕೊಂಡು ತಿರುಗಿದರು. ಆಗಸ್ಟ್ 3ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ತೀರ್ಪುಗಾರರಾಗಿದ್ದವರು ರಾಲಿನ್ಸ್. ಆ ಕೈಪಟ್ಟಿ ರಾಲಿನ್ಸ್ ಕೈಗೆ ಸಿಕ್ಕಿದ್ದನ್ನು ನೋಡಿ ಪಂಕ್ ತಾಳ್ಮೆ ಕಳೆದುಕೊಂಡು ಪಂದ್ಯವನ್ನೇ ಕೈಚೆಲ್ಲಿದರು. ಬರ್ಲಿನ್‌ನಲ್ಲಿ ಚರ್ಮದ ಪಟ್ಟಿಯ ಪಂದ್ಯ ಗೆದ್ದು ಅದನ್ನು ಮರಳಿ ಪಡೆದರೆ, ಮುಂದಿನ ರಾದಲ್ಲೇ ಮೆಕಿಂಟೈರ್ ಅದನ್ನು ಹರಿದು ಮಣಿಗಳನ್ನು ಚೆಲ್ಲಾಡಿದರು. ಅಕ್ಟೋಬರ್ 5ರಂದು ಅಟ್ಲಾಂಟಾದಲ್ಲಿ ಪಂಜರದೊಳಗಿನ ಪಂದ್ಯದಲ್ಲಿ ಪಂಕ್ ಗೆದ್ದ ಮೇಲೆಯೇ ಲೆಕ್ಕ ಚುಕ್ತಾ ಆದದ್ದು. ಅವರಿಬ್ಬರ ನಡುವಿನ ಯಾವ ಪಂದ್ಯದಲ್ಲೂ ಪಟ್ಟ ಪಣದಲ್ಲಿರಲಿಲ್ಲ. ಹತ್ತಿಪ್ಪತ್ತು ಮಣಿಗಳ ಒಂದು ದಾರವನ್ನು ಪಟ್ಟಕ್ಕಿಂತ ದೊಡ್ಡದಾಗಿ ಕಾಣಿಸಲು ಇಬ್ಬರೂ ವಾರವಾರ ಎದುರೆದುರು ಬರಬೇಕಿತ್ತು, ಮಾತಿಗೆ ಸಮಯ ಬೇಕಿತ್ತು, ಪಕ್ಕದಲ್ಲಿ ರಾಲಿನ್ಸ್ ಅವರಂಥ ಮೂರನೆಯವರು ಬೇಕಿತ್ತು. ಆ ಮೂರೂ ರಾದಲ್ಲಿದ್ದವು. ಆ ವರ್ಷ ಮಂಗಳವಾರದ ಬೆಳಗಿನ ಜಾವ ಕಾಫಿ ಲೋಟ ಹಿಡಿದು ಟಿವಿ ಮುಂದೆ ಕೂತವರಿಗೆ ನಾನು ಹೇಳುತ್ತಿರುವುದು ಅರ್ಥವಾದೀತು.

ಪರದೆ ಸರಿಸುವ ಮಾತು ಹೇಳಿದೆನಲ್ಲ, ಅದಕ್ಕೂ ಇಲ್ಲೇ ಸಾಕ್ಷಿಯಿದೆ. 2024ರ ಜೂನ್ 21ರಂದು ಸ್ಮ್ಯಾಕ್‌ಡೌನ್ ಷಿಕಾಗೊಗೆ ಬಂದಾಗ ರಾದವರಾದ ಪಂಕ್ ಅಲ್ಲಿ ಕಾಣಿಸಿಕೊಂಡರು, ರಾದವರೇ ಆದ ಮೆಕಿಂಟೈರ್ ಅಲ್ಲೇ ಅವರನ್ನು ಬಡಿದು ಕೆಡವಿದರು. ಅದೇ ನವೆಂಬರಿನಲ್ಲಿ ರೇನ್ಸ್ ತಂಡಕ್ಕೆ ಐದನೆಯವರು ಬೇಕಾದಾಗ ಹೇಮನ್ ಕರೆತಂದದ್ದು ಪಂಕ್ ಅವರನ್ನು. ನವೆಂಬರ್ 30ರಂದು ವ್ಯಾಂಕೂವರ್‌ನಲ್ಲಿ ಇಬ್ಬರೂ ಒಂದೇ ಪಾಳಯದಲ್ಲಿ ನಿಂತು ಆಡಿದರು. ಆ ಸಹಾಯಕ್ಕೆ ಪ್ರತಿಯಾಗಿ ಹೇಮನ್ ಕೊಟ್ಟ ಮಾತೇ ಮುಂದೆ 2025ರ ಏಪ್ರಿಲ್ 19ರ ಲಾಸ್ ವೇಗಾಸ್ ರೆಸಲ್‌ಮೇನಿಯಾದ ಮೊದಲ ರಾತ್ರಿಯ ಕೊನೆಯ ಪಂದ್ಯಕ್ಕೆ, ಪಂಕ್, ರೇನ್ಸ್, ರಾಲಿನ್ಸ್ ಮೂವರ ಪಂದ್ಯಕ್ಕೆ, ಬೀಜವಾಯಿತು. ಹೇಮನ್ ಅಲ್ಲಿ ಮೊದಲು ಪಂಕ್ ಅವರಿಗೆ, ಆಮೇಲೆ ರೇನ್ಸ್ ಅವರಿಗೆ ಕೈಕೊಟ್ಟು ರಾಲಿನ್ಸ್ ಪಕ್ಷ ಸೇರಿದರು. ನೀವು ಬಯಸಿದ್ದ ಹೇಮನ್, ರೇನ್ಸ್, ಪಂಕ್ ಮೂವರೂ ಒಂದೇ ಕಥೆಯಲ್ಲಿ ಬಂದರು, ಪಂಕ್ ಸ್ಮ್ಯಾಕ್‌ಡೌನ್‌ಗೆ ಸೇರದೆಯೇ ಬಂದರು. ರೆಸಲ್‌ಮೇನಿಯಾದ ಕೊನೆಯ ಪಂದ್ಯ ತಮಗೆ ಎಂದೂ ಸಿಗಲಿಲ್ಲವೆಂಬುದು 2014ರಲ್ಲಿ ಬಿಟ್ಟುಹೋದ ಪಂಕ್ ಅವರ ದೊಡ್ಡ ಕೊರಗಾಗಿತ್ತು. ಅದು ನೀಗಿದ್ದೂ ಆ ರಾತ್ರಿಯೇ.

ಇನ್ನು ಆರಂಭದಲ್ಲಿ ಹೇಳಿದ ನಿಜವಾದ ತಪ್ಪು. ಪಂಕ್ 2021ರ ಆಗಸ್ಟ್‌ನಲ್ಲಿ ಎಇಡಬ್ಲ್ಯು ಎಂಬ ಪ್ರತಿಸ್ಪರ್ಧಿ ಕಂಪನಿ ಸೇರಿದ್ದರು. 2022ರ ಸೆಪ್ಟೆಂಬರ್ 4ರಂದು, ಪಟ್ಟ ಗೆದ್ದ ರಾತ್ರಿಯೇ, ಪತ್ರಿಕಾಗೋಷ್ಠಿಯಲ್ಲಿ ಸಹೋದ್ಯೋಗಿಗಳ ಮೇಲೆ ಹರಿಹಾಯ್ದರು. ಬಳಿಕ ತೆರೆಮರೆಯಲ್ಲಿ ಕೆನ್ನಿ ಒಮೆಗಾ ಮತ್ತು ಯಂಗ್ ಬಕ್ಸ್ ಸಹೋದರರೊಂದಿಗೆ ಹೊಡೆದಾಟವೂ ಆಯಿತು. ಆ ರಾತ್ರಿಯ ಪಂದ್ಯದಲ್ಲಿ ಎಡ ತೋಳಿಗೆ ಗಾಯವೂ ಆಗಿತ್ತು. ಒಂಬತ್ತು ತಿಂಗಳ ಬಳಿಕ ಅವರು ಮರಳಿದಾಗ ಕಂಪನಿ ಶನಿವಾರಕ್ಕೆಂದು ‘ಕೊಲಿಷನ್’ ಎಂಬ ಎರಡು ಗಂಟೆಯ ಹೊಸ ಕಾರ್ಯಕ್ರಮ ಆರಂಭಿಸಿ, 2023ರ ಜೂನ್ 17ರಂದು ಷಿಕಾಗೊದಲ್ಲಿ ಅವರನ್ನೇ ಮುಂದಿಟ್ಟು ತೆರೆ ಎತ್ತಿತು. ಬುಧವಾರದ ‘ಡೈನಮೈಟ್’ನಲ್ಲಿ ಒಮೆಗಾ ಮತ್ತು ಬಕ್ಸ್, ಶನಿವಾರ ಪಂಕ್. ಇಬ್ಬರನ್ನೂ ಬೇರೆಬೇರೆ ಕೋಣೆಯಲ್ಲಿ ಕೂರಿಸಿದ ಹಾಗೆ.

ಈ ಗೋಡೆಯ ಸ್ವಭಾವವೇ ಬೇರೆ. ಡಬ್ಲ್ಯುಡಬ್ಲ್ಯುಇಯಲ್ಲಿ ಪರದೆ ಇದ್ದದ್ದು ಮುಂದೊಂದು ದಿನ ಸರಿಸಲಿಕ್ಕೆ, ಕೊಲಿಷನ್‌ನಲ್ಲಿ ಗೋಡೆ ಕಟ್ಟಿದ್ದು ಯಾರೂ ಆಚೀಚೆ ದಾಟದಿರಲೆಂದು. ಪಂಕ್ ಅವರಿಗೆ ಸಹಜವಾಗಿ ಸಿಗಬೇಕಿದ್ದ ಅತ್ಯಂತ ದೊಡ್ಡ ಜೋಡಿ ಯಾವುದು? ಜಗಳವಾಡಿದ ಒಮೆಗಾ ಮತ್ತು ಬಕ್ಸ್. ಆ ಸಿಟ್ಟನ್ನು ಹಣವಾಗಿ ಬದಲಿಸಬಹುದಾಗಿದ್ದ ಒಂದೇ ಜಾಗ ರಿಂಗ್, ಆ ಜಾಗವನ್ನೇ ಮುಚ್ಚಿ ಕಾರ್ಯಕ್ರಮ ಕಟ್ಟಿದ್ದರು. ಸಮೋವಾ ಜೋ ಜೊತೆಗಿನ ಅವರ ಪಂದ್ಯ ಚೆನ್ನಾಗಿತ್ತು, ಎಫ್‌ಟಿಆರ್ ಜೋಡಿಯ ಆಟಗಳು ಇನ್ನೂ ಚೆನ್ನಾಗಿದ್ದವು. ಒಟ್ಟಾರೆ ಆ ಬೇಸಿಗೆಯ ಕೊಲಿಷನ್ ನೋಡಲು ಹಿತವಾಗಿಯೇ ಇತ್ತು. ಆದರೆ ಕಂಪನಿಯ ಪಟ್ಟಾಧಿಕಾರಿ ಎಂಜೆಎಫ್ ಅವರ ಮುಖ್ಯ ಕಥೆ ನಡೆಯುತ್ತಿದ್ದದ್ದು ಬುಧವಾರ. ಪಂಕ್ ಅವರು ತಾನು ಎಂದೂ ಸೋಲದ ಪಟ್ಟವೆಂದು ಒಂದು ಬೆಲ್ಟನ್ನು ಚೀಲದಲ್ಲಿಟ್ಟುಕೊಂಡು ಶನಿವಾರ ಶನಿವಾರ ತಿರುಗುತ್ತಿದ್ದರು. ಗೋಡೆಯ ಆಚೆ ಇರುವ ವೈರಿಯನ್ನು ಹೆಸರಿಸದೆ, ಈಚೆಯಿಂದ ಮಾತಿನಲ್ಲಿ ಚುಚ್ಚುವುದಷ್ಟೇ ಉಳಿದಿತ್ತು. ಆಗಸ್ಟ್ 27ರಂದು ಎರಡೂ ಕಾರ್ಯಕ್ರಮದವರು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಒಂದೇ ಸೂರಿನಡಿ ಸೇರಬೇಕಾಯಿತು. ಪಂಕ್ ಪಂದ್ಯಕ್ಕೆ ಹೊರಡುವ ಮುನ್ನವೇ ಜ್ಯಾಕ್ ಪೆರಿ ಜೊತೆ ತೆರೆಮರೆಯಲ್ಲಿ ಕೈ ಮಿಲಾಯಿಸಿದರು. ಸೆಪ್ಟೆಂಬರ್ 2ರಂದು ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಅಲ್ಲಿಂದ ಮೂರು ತಿಂಗಳೂ ಕಳೆಯುವ ಮೊದಲು ರೋಸ್‌ಮಾಂಟ್‌ನಲ್ಲಿ ಸಂಗೀತ ಮೊಳಗಿತ್ತು.

ಪಂಕ್ ಅವರ ನಡವಳಿಕೆಯನ್ನು ನಾನು ಸಮರ್ಥಿಸುತ್ತಿಲ್ಲ. ಎರಡು ಸಲ ತೆರೆಮರೆಯಲ್ಲಿ ಕೈ ಎತ್ತಿದ ಹಿರಿಯ ಕಲಾವಿದನನ್ನು ಯಾವ ಯಜಮಾನನೂ ಇಟ್ಟುಕೊಳ್ಳಲಾರ. ಆದರೆ ಅಂಥವನನ್ನು ಮರಳಿ ಕರೆಸುವುದೇ ಆದರೆ ವೈರಿಯ ಎದುರು ನಿಲ್ಲಿಸಬೇಕು, ಆಗದಿದ್ದರೆ ಕರೆಸಬಾರದು. ಎಇಡಬ್ಲ್ಯು ಎರಡನ್ನೂ ಮಾಡಲಿಲ್ಲ. ಡಬ್ಲ್ಯುಡಬ್ಲ್ಯುಇಯ ಕಥೆಗಳ ಹೊಣೆ ಹೊತ್ತಿದ್ದ ಟ್ರಿಪಲ್ ಎಚ್ ಅವರಿಗೂ ಪಂಕ್ ಅವರಿಗೂ ಹಿಂದೆ ಹೊಂದಿಕೆ ಇರಲಿಲ್ಲ. ಆದರೂ ಅವರು, ಪಂಕ್ ಬಂದ ರಾತ್ರಿ ಅತಿ ಹೆಚ್ಚು ಕೂಗಾಡಿದ ರಾಲಿನ್ಸ್ ಯಾವ ಬಳಗದಲ್ಲಿದ್ದರೋ ಅದೇ ಬಳಗಕ್ಕೆ ಪಂಕ್ ಅವರನ್ನು ಕಳಿಸಿದರು.

ನಿಮ್ಮ ವಾದದಲ್ಲಿ ಒಂದನ್ನು ಮಾತ್ರ ನಾನು ಒಪ್ಪುತ್ತೇನೆ. ರಾದ ಬೆಲ್ಟ್ ಪಂಕ್ ಅವರ ಸೊಂಟಕ್ಕೆ ಬರಲು 2025ರ ಆಗಸ್ಟ್ 2ರವರೆಗೆ ಕಾಯಬೇಕಾಯಿತು. ಗುಂಥರ್ ಅವರನ್ನು ಸೋಲಿಸಿ ಅದನ್ನು ಗೆದ್ದ ಕೆಲವೇ ನಿಮಿಷಗಳಲ್ಲಿ, ಮತ್ತೆ ಅದೇ ರಾಲಿನ್ಸ್ ಬಂದು ಕಸಿದುಕೊಂಡರು. ನಲವತ್ತಾರು ದಾಟಿದ ಮಲ್ಲನಿಗೆ ಅಷ್ಟು ಕಾಯಿಸಬಾರದಿತ್ತು. ಆದರೆ ಅದು ಯಾರಿಗೆ ಯಾವಾಗ ಪಟ್ಟ ಕೊಡಬೇಕೆಂಬ ಪ್ರಶ್ನೆ. ಯಾವ ಕಾರ್ಯಕ್ರಮಕ್ಕೆ ಸೇರಿಸಬೇಕು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೊನೆಯದಾಗಿ, ನಿಮಗೆ ಬಿಡುವಿದ್ದರೆ 2025ರ ಜನವರಿ 6ರ ರಾವನ್ನು ಇನ್ನೊಮ್ಮೆ ನೋಡಿ. ದಶಕಗಳ ಕೇಬಲ್ ಟಿವಿಯನ್ನು ಬಿಟ್ಟು ರಾ ನೆಟ್‌ಫ್ಲಿಕ್ಸ್‌ಗೆ ಕಾಲಿಟ್ಟ ಮೊದಲ ರಾತ್ರಿ ಅದು. ಲಾಸ್ ಏಂಜಲೀಸ್ ಬಳಿಯ ಇಂಗಲ್‌ವುಡ್‌ನ ಸಭಾಂಗಣಕ್ಕೆ ದಿ ರಾಕ್, ಜಾನ್ ಸೀನಾ, ರೇನ್ಸ್ ಎಲ್ಲರೂ ಬಂದಿದ್ದರು. ಅಷ್ಟು ಜನರಿದ್ದೂ ಆ ರಾತ್ರಿಯ ಕೊನೆಯ ಪಂದ್ಯಕ್ಕೆ ಕಂಪನಿ ಕಟ್ಟಿದ ಜೋಡಿ ಪಂಕ್ ಮತ್ತು ರಾಲಿನ್ಸ್. ಹದಿಮೂರು ತಿಂಗಳ ಹಿಂದೆ ಕ್ಲೀವ್‌ಲ್ಯಾಂಡಿನಲ್ಲಿ ಸಹಿ ಬಿದ್ದ ದಿನ ಎದುರುಬದುರು ನಿಂತಿದ್ದ ಅದೇ ಇಬ್ಬರು. ಗೆದ್ದದ್ದು ಪಂಕ್.